ಹದಿಮೂರನೇ ಪಿನ್ನಿನ ದೊರೆಗೆ ಒಂದು ಬಹಿರಂಗ ಪತ್ರ

ಶ್ರೀಮಾನ್ ಆರ್ಡುಯಿನೊ ಊನೊ ಅವರಿಗೆ,

ತಾಲ್ಲೂಕು ಕೇಂದ್ರವೊಂದರ ಡಿಪ್ಲೊಮಾ ಕಾಲೇಜಿನ ಎಲೆಕ್ಟ್ರಾನಿಕ್ಸ್ ಮೇಷ್ಟ್ರು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ. ನಾನು ಇಲ್ಲಿ ಕ್ಷೇಮ. ನೀವು ನಮ್ಮ ಲ್ಯಾಬಿನ ಮೂರನೇ ಬೀರುವಿನ ಕೆಳಗಿನ ಖಾನೆಯಲ್ಲಿ, ಇಪ್ಪತ್ತು ಜನ ಒಂದೇ ಡಬ್ಬಿಯಲ್ಲಿ ಕ್ಷೇಮವಾಗಿದ್ದೀರಿ. ಸ್ಟಾಕ್ ಬುಕ್ ನೋಡಿಕೊಂಡೇ ಬರೆಯುತ್ತಿದ್ದೇನೆ.

ಪ್ರೋಗ್ರಾಂ ತುಂಬಿ ಓಡಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಾದ ನಿಮ್ಮನ್ನು ಏನೆಂದು ಕರೆಯಬೇಕೆಂಬುದೇ ಮೊದಲ ತೊಡಕು. ನಮ್ಮ ಹುಡುಗರು ‘ಆರ್ಡಿನೋ’ ಅನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು ‘ಆರ್ಡುನೋ’ ಅನ್ನುತ್ತಾರೆ. ನಮ್ಮ ಅಟೆಂಡರ್ ‘ಆ ನೀಲಿ ಪ್ಲೇಟು’ ಅನ್ನುತ್ತಾರೆ; ಎಲ್ಲರಿಗೂ ತಕ್ಷಣ ಅರ್ಥವಾಗುವುದು ಇದೊಂದೇ. ರಾಜರ ಹೆಸರಿಗೆ ಈ ಗತಿ ಬಂತಲ್ಲ ಎಂದು ನೊಂದುಕೊಳ್ಳಬೇಡಿ. 1002ರಲ್ಲಿ ಇಟಲಿಯ ಪಟ್ಟವೇರಿದ ಇವ್ರೇಯಾ ಊರಿನ ಆರ್ಡುಯಿನೊ ಎಂಬ ದೊರೆ ಎರಡೇ ವರ್ಷಕ್ಕೆ ಜರ್ಮನಿಯ ಎರಡನೇ ಹೆನ್ರಿಯ ಎದುರು ನೆಲೆ ಕಳೆದುಕೊಂಡು, ಕೊನೆಗಾಲದಲ್ಲಿ ಮಠ ಸೇರಿದವನು. ಅವನ ಹೆಸರನ್ನು ಆ ಊರಿನವರು ಒಂದು ಬಾರಿಗೆ ಇಟ್ಟರು. ಆ ಬಾರಿನಲ್ಲಿ ಸಂಜೆ ಕೂರುತ್ತಿದ್ದ ಮೇಷ್ಟ್ರುಗಳು ಬಾರಿನ ಹೆಸರನ್ನು ನಿಮಗಿಟ್ಟರು. ನಮ್ಮ ಕಡೆ ಮೇಷ್ಟ್ರುಗಳು ಬಾರಿನಲ್ಲಿ ಕೂತರೆ ಊರಲ್ಲಿ ಬೇರೆಯೇ ಥರದ ಸುದ್ದಿ ಹುಟ್ಟುತ್ತದೆ, ಬೋರ್ಡ್ ಹುಟ್ಟುವುದಿಲ್ಲ.

ಇರಲಿ. ನಾನು ಈ ಪತ್ರ ಬರೆಯುತ್ತಿರುವುದು ಒಂದು ದೂರು ಹೇಳಿಕೊಳ್ಳಲು. ನೀವು ನನ್ನ ಮರ್ಯಾದೆ ತೆಗೆದಿದ್ದೀರಿ.

ನೀವು ಬರುವ ಮೊದಲು ನಮ್ಮ ಲ್ಯಾಬಿನಲ್ಲಿ 8051ರ ರಾಜ್ಯಭಾರವಿತ್ತು. ಇಂಟೆಲ್ ಕಂಪನಿ 1980ರಲ್ಲಿ ಹೊರತಂದ ಚಿಪ್. ಪ್ರೋಗ್ರಾಂ ಇಡಲು 4 ಕಿಲೋಬೈಟ್, ಲೆಕ್ಕ ಮಾಡಲು 128 ಬೈಟ್. ಅದಕ್ಕೊಂದು ಟ್ರೈನರ್ ಕಿಟ್. ಸೂಟ್‌ಕೇಸಿನಂಥ ಮರದ ಪೆಟ್ಟಿಗೆ, ಒಳಗೆ ಕೀಪ್ಯಾಡು, ಕೆಂಪಗೆ ಉರಿಯುವ ಅಂಕಿಗಳು. ಹುಡುಗರು ಮೊದಲು ರೆಕಾರ್ಡ್ ಪುಸ್ತಕದಲ್ಲಿ ಅಸೆಂಬ್ಲಿ ಬರೆಯಬೇಕು. ಆಮೇಲೆ ಕೋಷ್ಟಕ ನೋಡಿ ಒಂದೊಂದು ಸಾಲಿಗೂ ಹೆಕ್ಸ್ ಸಂಖ್ಯೆ ಹುಡುಕಬೇಕು. ಅಕ್ಯುಮುಲೇಟರಿಗೆ ಒಂದು ಅಂಕಿ ತುಂಬುವುದಕ್ಕೆ 74 ಎಂಬುದು ನನಗೆ ಇವತ್ತಿಗೂ ನಿದ್ದೆಯಲ್ಲಿ ನೆನಪಿದೆ; ಹೆಂಡತಿಯ ಫೋನ್ ನಂಬರು ನೆನಪಿಲ್ಲ. ನಲವತ್ತು ಸಂಖ್ಯೆ ಒತ್ತಿ ಮುಗಿಸುವಷ್ಟರಲ್ಲಿ ಕರೆಂಟು ಹೋದರೆ ಮೊದಲಿಂದ ಶುರು. ಒಂದು ಎಲ್ಇಡಿ ಮಿನುಗಿಸಲು ಎರಡು ವಾರದ ಲ್ಯಾಬ್ ಹಿಡಿಯುತ್ತಿತ್ತು. ಮಿನುಗಿದ ದಿನ ಕ್ಯಾಂಟೀನಿನಲ್ಲಿ ಅವರು ನನಗೆ ಮಸಾಲೆ ದೋಸೆ ಕೊಡಿಸಿದ್ದೂ ಉಂಟು.

ಆ ಬೋರ್ಡಿನಲ್ಲಿದ್ದ ಕ್ರಿಸ್ಟಲ್ಲಿನ ಮೇಲೆ 11.0592 ಮೆಗಾಹರ್ಟ್ಸ್ ಎಂದು ಬರೆದಿರುತ್ತಿತ್ತು. ನೇರವಾಗಿ 12 ಇಡಬಾರದಿತ್ತೇ, ಈ ಚಿಲ್ಲರೆ ಯಾಕೆ ಎಂದು ಪ್ರತಿ ವರ್ಷ ಯಾರಾದರೂ ಒಬ್ಬ ಕೇಳಲೇಬೇಕು. ಅವನು ಕೇಳುವುದನ್ನೇ ನಾನು ಕಾಯುತ್ತಿದ್ದೆ. ಅದನ್ನು 12ರಿಂದ ಭಾಗಿಸು, ಬಂದದ್ದನ್ನು 32ರಿಂದ ಭಾಗಿಸು, 28,800 ಉಳಿಯುತ್ತದೆ. ಅದನ್ನು 3ರಿಂದ ಭಾಗಿಸಿದರೆ ಸರಿಯಾಗಿ 9,600, ಅಂದರೆ ಕಂಪ್ಯೂಟರಿನ ಜೊತೆ ಮಾತಾಡುವ ವೇಗ, ಒಂದು ಚೂರೂ ಶೇಷವಿಲ್ಲದೆ. ಈ ಲೆಕ್ಕ ಮುಗಿಸಿ, ಸೀಮೆಸುಣ್ಣದ ಕೈ ಒದರಿಕೊಂಡು ನಾನು ಹಿಂದಿರುಗಿ ನೋಡಿದಾಗ ತರಗತಿಯಲ್ಲೊಂದು ಮೌನ ಇರುತ್ತಿತ್ತು. ಅದು ಭಕ್ತಿಯೆಂದೇ ನಾನು ತಿಳಿದಿದ್ದೆ.

ಆಮೇಲೆ ನೀವು ಬಂದಿರಿ. ನೀವು ಹುಟ್ಟಿದ್ದು 2010ರಲ್ಲಿ, ನಮ್ಮ ತಾಲ್ಲೂಕಿಗೆ ಬರುವಾಗ ಇನ್ನೂ ಕೆಲವು ವರ್ಷ ಕಳೆದಿತ್ತು. ಸಿವಿಲ್ ಬ್ರಾಂಚಿನ ಒಬ್ಬ ಹುಡುಗ, ಬಿಸಿಲಿಗೆ ಫ್ಯಾನಿನ ಕೆಳಗೆ ಕೂರಲೆಂದು ನಮ್ಮ ಲ್ಯಾಬಿಗೆ ಬಂದವನು, ಪ್ರಿಂಟರಿನ ಕೇಬಲ್ ಸಿಕ್ಕಿಸಿ, ಮೆನುವಿನಲ್ಲಿದ್ದ ‘ಬ್ಲಿಂಕ್’ ತೆರೆದು, ಬಾಣದ ಗುರುತು ಒತ್ತಿದ. ನಿಮ್ಮ ಹದಿಮೂರನೇ ಪಿನ್ನಿಗೆ ಅಂಟಿಕೊಂಡೇ ಬಂದಿರುವ ಪುಟ್ಟ ದೀಪ ಒಂದು ಸೆಕೆಂಡು ಹತ್ತಿತು, ಒಂದು ಸೆಕೆಂಡು ಆರಿತು. ಎಲ್ಇಡಿ ತರುವ ಕೆಲಸವೂ ಇಲ್ಲ, ರೆಸಿಸ್ಟರ್ ಲೆಕ್ಕ ಹಾಕುವ ಕೆಲಸವೂ ಇಲ್ಲ. ಅವನು ತಲೆಯೆತ್ತಿ, ‘ಇಷ್ಟೇನಾ ಸಾರ್?’ ಅಂದ.

ಎರಡು ವಾರದ ಕೆಲಸವನ್ನು ಐದು ನಿಮಿಷಕ್ಕೆ ಮುಗಿಸಿಕೊಟ್ಟಿರಲ್ಲ, ಮೂರು ಗಂಟೆಯ ಲ್ಯಾಬಿನಲ್ಲಿ ಉಳಿದ ಎರಡು ಗಂಟೆ ಐವತ್ತೈದು ನಿಮಿಷ ಮೇಷ್ಟ್ರಾದವನು ಏನು ಮಾಡಬೇಕೆಂದು ಒಂದು ಚೀಟಿಯಲ್ಲಾದರೂ ಬರೆದು ಡಬ್ಬಿಯೊಳಗೆ ಇಡಬಾರದಿತ್ತೇ? ಈಗಂತೂ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳ ಮಕ್ಕಳು ಆರನೇ ತರಗತಿಯಿಂದಲೇ ನಿಮ್ಮ ಪರಿಚಯ ಮಾಡಿಕೊಂಡು ಬರುತ್ತಾರೆ. ನನ್ನ ಮುಂದೆ ಕೂತಾಗ ಅವರ ಮುಖದಲ್ಲಿ ಹಳೇ ಗೆಳೆಯನ ಮನೆಗೆ ಬಂದ ಸಲಿಗೆ. ನಾನೇ ನೆಂಟ.

ನಿಮ್ಮ ಜಾತಕ ತೆಗೆದು ನೋಡಿದೆ. ನಮ್ಮಂಥವರಿಗೆಂದು ನಿಮ್ಮನ್ನು ಮಾಡಿಯೇ ಇರಲಿಲ್ಲ. ಇವ್ರೇಯಾ ಎಂದರೆ ಒಲಿವೆಟ್ಟಿ ಟೈಪ್‌ರೈಟರುಗಳ ಊರು. ಅಲ್ಲೊಂದು ವಿನ್ಯಾಸದ ಶಾಲೆ ಇತ್ತು. ಚಿತ್ರ, ಆಕಾರ, ಬಣ್ಣ ಕಲಿಯಲು ಬಂದವರಿಗೆ ಒಂದು ದೀಪ ಹೊತ್ತಿಸುವ, ಮೋಟಾರ್ ತಿರುಗಿಸುವ ಅಗ್ಗದ ಸಾಧನ ಬೇಕಿತ್ತು. ಆಗ ಸಿಗುತ್ತಿದ್ದದ್ದಕ್ಕೆ ನೂರು ಡಾಲರಿನ ಹತ್ತಿರ ಹತ್ತಿರ ಬೆಲೆ. ಕೊಲಂಬಿಯಾದಿಂದ ಓದಲು ಬಂದಿದ್ದ ಹೆರ್ನಾಂಡೊ ಬರಗಾನ್ ತನ್ನ ಪ್ರಬಂಧಕ್ಕೆಂದು 2003ರಲ್ಲಿ ‘ವೈರಿಂಗ್’ ಎಂಬ ಬೋರ್ಡನ್ನೂ ಅದಕ್ಕೆ ಪ್ರೋಗ್ರಾಂ ಬರೆಯುವ ಭಾಷೆಯನ್ನೂ ಕಟ್ಟತೊಡಗಿದ. ಅದರ ಮೇಲೆಯೇ, ಇನ್ನೂ ಅಗ್ಗದ ಚಿಪ್ ಹಾಕಿ, ಮಾಸ್ಸಿಮೊ ಬಾಂಝಿ, ಡೇವಿಡ್ ಕುವರ್ತಿಯೆಯೆಸ್ ಮತ್ತು ಸಂಗಡಿಗರು 2005ರಲ್ಲಿ ನಿಮ್ಮ ವಂಶ ಶುರು ಮಾಡಿದರು. ನಿಮ್ಮ ಹೆಸರು ಲೋಕವೆಲ್ಲ ಹಬ್ಬಿತು, ಬರಗಾನ್ ಹೆಸರು ಕೇಳಿದವರು ಕಡಿಮೆ. ಅಡಿಪಾಯದ ಕಲ್ಲಿಗೆ ಬಣ್ಣ ಹೊಡೆಯುವವರು ಯಾರು ಹೇಳಿ. ಶಾಲೆಯೇ ಮುಚ್ಚುತ್ತದೆಂಬ ಮಾತು ಬಂದಾಗ, ಕೆಲಸ ಮಣ್ಣುಪಾಲಾಗದಿರಲಿ ಎಂದು ಅವರು ನಿಮ್ಮ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಯಾರು ಬೇಕಾದರೂ ನಿಮ್ಮನ್ನು ಮಾಡಿಕೊಳ್ಳಬಹುದು, ನಿಮ್ಮ ಹೆಸರು ಮಾತ್ರ ಹಾಕಿಕೊಳ್ಳಬಾರದು.

ಹೀಗಾಗಿ ಎಸ್.ಪಿ. ರಸ್ತೆಯಲ್ಲಿ ನೀವು ಎರಡು ರೂಪದಲ್ಲಿ ಸಿಗುತ್ತೀರಿ. ‘ಒರಿಜಿನಲ್ಲಾ, ಕ್ಲೋನಾ?’ ಎಂದು ಅಂಗಡಿಯವನು ಕೇಳಿ, ಉತ್ತರಕ್ಕೆ ಕಾಯದೆ ಕ್ಲೋನ್ ಕೊಡುತ್ತಾನೆ. ನಮ್ಮ ಮುಖ ನೋಡಿಯೇ ಅವನಿಗೆ ಗೊತ್ತು. ಅದರಲ್ಲಿ ಕಂಪ್ಯೂಟರಿನ ಜೊತೆ ಮಾತಾಡಲು ಸಿಎಚ್340 ಎಂಬ ಚೀನಾದ ಚಿಪ್. ಡ್ರೈವರ್ ಹಾಕದಿದ್ದರೆ ಹಳೆಯ ಕಂಪ್ಯೂಟರಿಗೆ ಗುರುತೇ ಸಿಗುವುದಿಲ್ಲ. ಹೊಸ ಬ್ಯಾಚಿನ ಮೊದಲ ದಿನ ನನ್ನ ಕಿವಿಗೆ ಬೀಳುವ ಮಂತ್ರ ‘ಕಾಮ್ ಪೋರ್ಟ್ ಬರ್ತಿಲ್ಲ ಸಾರ್’. ಡ್ರೈವರ್ ಹಾಕಿದರೂ ಬರುವುದಿಲ್ಲ. ಅರ್ಧ ಗಂಟೆಯ ಮೇಲೆ ಗೊತ್ತಾಗುತ್ತದೆ, ಆ ಕೇಬಲ್ಲಿನಲ್ಲಿ ಕರೆಂಟಿನ ತಂತಿ ಎರಡೇ ಇವೆ, ಮಾತಿನ ತಂತಿಯೇ ಇಲ್ಲ.

ನಿಮ್ಮ ನಿಜವಾದ ವೈಭವ ನೋಡಬೇಕೆಂದರೆ ಏಪ್ರಿಲ್, ಮೇ ತಿಂಗಳಲ್ಲಿ ಬರಬೇಕು. ಪ್ರಾಜೆಕ್ಟಿನ ಸುಗ್ಗಿ. ಒಮ್ಮೆ ಬೇರೊಂದು ಕಾಲೇಜಿಗೆ ಎಕ್ಸ್‌ಟರ್ನಲ್ ಪರೀಕ್ಷಕನಾಗಿ ಹೋಗಿದ್ದೆ. ಹನ್ನೆರಡು ತಂಡ. ನಾಲ್ಕು ಸ್ಮಾರ್ಟ್ ಡಸ್ಟ್‌ಬಿನ್, ಮೂರು ಅಂಧರ ಊರುಗೋಲು, ಎರಡು ಅಡೆತಡೆ ಕಂಡರೆ ತಿರುಗುವ ಗಾಡಿ. ಒಂಬತ್ತರಲ್ಲೂ ನೀವೇ, ಒಂಬತ್ತರಲ್ಲೂ ಎರಡು ಕಣ್ಣಿನ ಅದೇ ಅಲ್ಟ್ರಾಸಾನಿಕ್ ಸೆನ್ಸರ್. ಕಸದ ಡಬ್ಬಿಯ ಮುಚ್ಚಳ ಕೈ ತೋರಿಸಿದರೆ ತೆರೆಯುತ್ತದೆ. ನಾನು ಕೈ ತೋರಿಸಿದೆ, ತೆರೆಯಲಿಲ್ಲ. ‘ಬೆಳಿಗ್ಗೆ ಕೆಲಸ ಮಾಡ್ತಿತ್ತು ಸಾರ್’ ಅಂದರು. ಬೆಳಿಗ್ಗೆ ಕೆಲಸ ಮಾಡದಿದ್ದ ಪ್ರಾಜೆಕ್ಟನ್ನು ನಾನು ಈವರೆಗೆ ಕಂಡಿಲ್ಲ.

‘ಇದು ದೂರ ಹೇಗಪ್ಪಾ ಅಳೆಯುತ್ತೆ?’ ಎಂದು ಕೇಳಿದೆ.

‘ಟೈಮನ್ನ 0.034ರಿಂದ ಗುಣಿಸಿ ಎರಡರಿಂದ ಭಾಗಿಸಬೇಕು ಸಾರ್.’

‘ಈ 0.034 ಎಲ್ಲಿಂದ ಬಂತು?’

‘ಕೋಡಲ್ಲೇ ಇತ್ತು ಸಾರ್.’

ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಅಂದರೆ ಒಂದು ಮೈಕ್ರೋಸೆಕೆಂಡಿಗೆ 0.034 ಸೆಂಟಿಮೀಟರ್, ಹೋಗಿ ಬರುವ ದಾರಿಯಾದ್ದರಿಂದ ಎರಡರಿಂದ ಭಾಗಿಸುವುದು. ಬೆಟ್ಟದೆದುರು ಕೂಗಿ ಪ್ರತಿಧ್ವನಿ ಕೇಳಿದ ಯಾರಿಗಾದರೂ ಹೊಳೆಯಬೇಕಾದ ಲೆಕ್ಕ. ಅವರ ಹೈಸ್ಕೂಲಿನ ವಿಜ್ಞಾನದ ಪುಸ್ತಕದಲ್ಲೂ ಇತ್ತು. ಪುಸ್ತಕದ ಲೆಕ್ಕ ಮತ್ತು ಡಸ್ಟ್‌ಬಿನ್ನಿನ ಲೆಕ್ಕ ಒಂದೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಇನ್ನೊಬ್ಬನನ್ನು ಕೇಳಿದೆ.

‘ಡಿಲೇ ಸಾವಿರ ಅಂತ ಬರೆದಿದ್ದೀಯಲ್ಲ, ಏನದು?’

‘ಒಂದು ಸೆಕೆಂಡ್ ಕಾಯೋದು ಸಾರ್.’

‘ಯಾರು ಕಾಯ್ತಾರೆ?’

ಅವನು ಸ್ವಲ್ಪ ಯೋಚಿಸಿ, ‘ನಾವು ಸಾರ್’ ಅಂದ.

ಉತ್ತರ ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಆದರೆ ಊನೊ ಅವರೇ, ಕಾಯುವವರು ನೀವಲ್ಲವೇ? ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಟಿಕ್ ಎನ್ನುವ ಗಡಿಯಾರವನ್ನು ಎದೆಯಲ್ಲಿಟ್ಟುಕೊಂಡು, ಮತ್ತೆ ಮತ್ತೆ ‘ಆಯಿತಾ? ಆಯಿತಾ?’ ಎಂದು ನೋಡುತ್ತ ನಿಂತಿರುತ್ತೀರಿ, ಬೇರೆ ಕೆಲಸ ಮುಟ್ಟದೆ. ಆ ಹೊತ್ತಿನಲ್ಲಿ ಡಬ್ಬಿಯ ಮುಂದೆ ಕೈ ತೋರಿಸಿದರೆ ಮುಚ್ಚಳ ಹೇಗೆ ತೆರೆದೀತು? ಬೆಳಿಗ್ಗೆ ತೆರೆದದ್ದು ಯಾಕೆ, ಮಧ್ಯಾಹ್ನ ತೆರೆಯದಿದ್ದದ್ದು ಯಾಕೆ ಎಂಬುದೆಲ್ಲ ಆ ಒಂದು ಪದದ ಒಳಗಿತ್ತು. ಆ ಪದವನ್ನು ನೀವು ಎಷ್ಟು ನುಣ್ಣಗೆ ಮಾಡಿಟ್ಟಿದ್ದೀರೆಂದರೆ ಒಳಗೆ ಏನಿದೆ ಎಂದು ಉಗುರು ಹಾಕಿ ನೋಡುವ ಮನಸ್ಸೂ ಬರುವುದಿಲ್ಲ. ಪಿನ್ ಹೊತ್ತಿಸುವ ಕೆಲಸವೂ ಹಾಗೆಯೇ. ನಿಮ್ಮ ಚಿಪ್ಪಿಗೆ ಅದು ಎರಡು ಟಿಕ್ಕಿನ ಕೆಲಸ. ‘ಡಿಜಿಟಲ್‌ರೈಟ್’ ಎಂಬ ನಿಮ್ಮ ವಿನಯದ ಮಾತು ಅದಕ್ಕೆ ಹತ್ತಾರು ಟಿಕ್ ತಿನ್ನುತ್ತದೆ. ದೊರೆಯನ್ನು ಕಾಣಲು ದ್ವಾರಪಾಲಕ, ದಿವಾನ, ಖಾಸಾ ಕಾರ್ಯದರ್ಶಿ ಎಲ್ಲರನ್ನೂ ದಾಟಿ ಹೋದ ಹಾಗೆ.

(ಅಂದಹಾಗೆ, ಆ ಹನ್ನೆರಡರಲ್ಲಿ ಮೂರಕ್ಕೆ ಒಂದೇ ಅಕ್ಷರದೋಷಗಳಿದ್ದ ಒಂದೇ ವರದಿ ಇತ್ತು. ದುಡ್ಡು ಕೊಟ್ಟರೆ ಪ್ರಾಜೆಕ್ಟು, ವರದಿ, ಪಿಪಿಟಿ ಮೂರನ್ನೂ ಒಂದೇ ಕವರಿನಲ್ಲಿ ಹಾಕಿಕೊಡುವ ಅಂಗಡಿಗಳಿವೆ. ನಾನು ಮೂವರಿಗೂ ಒಂದೇ ಅಂಕ ಕೊಟ್ಟೆ. ನ್ಯಾಯ ನ್ಯಾಯವೇ.)

ನಿಮ್ಮ ಮೈಮೇಲಿನ ಒಂದು ತಪ್ಪನ್ನು ಮಾತ್ರ ನಾನು ಪ್ರೀತಿಯಿಂದ ನೋಡುತ್ತೇನೆ. ನಿಮ್ಮ ಏಳನೇ ಪಿನ್ನಿಗೂ ಎಂಟನೇ ಪಿನ್ನಿಗೂ ನಡುವೆ ಇರುವ ಸಂದು. ಎಲ್ಲ ಪಿನ್ನುಗಳ ನಡುವೆ ಇಂಚಿನ ಹತ್ತನೇ ಒಂದು ಭಾಗ. ಅಲ್ಲಿ ಮಾತ್ರ 0.16 ಇಂಚು. ನಕ್ಷೆ ಬರೆಯುವಾಗ ಆದ ತಪ್ಪು. ಗೊತ್ತಾಗುವಷ್ಟರಲ್ಲಿ ನಿಮ್ಮ ತಲೆಯ ಮೇಲೆ ಕೂರಿಸುವ ಶೀಲ್ಡುಗಳು ಆ ಅಳತೆಗೇ ತಯಾರಾಗಿಬಿಟ್ಟಿದ್ದವು. ತಿದ್ದಿದರೆ ಅವೆಲ್ಲ ಕೂರುವುದಿಲ್ಲ. ಹಾಗಾಗಿ ತಪ್ಪನ್ನೇ ಉಳಿಸಿಕೊಂಡರು. ನಿಮ್ಮನ್ನು ನಕಲು ಮಾಡಿದವರೂ ಉಳಿಸಿಕೊಂಡರು, ನಿಮ್ಮ ಆಕಾರವನ್ನು ಅನುಸರಿಸಿದ ಬೇರೆ ಕಂಪನಿಗಳ ಬೋರ್ಡುಗಳೂ ಉಳಿಸಿಕೊಂಡವು. ಸಮ ಅಂತರದ ತೂತುಗಳಿರುವ ಸಾಮಾನ್ಯ ಜೀರೋ ಪಿಸಿಬಿಯಲ್ಲಿ ಪಿನ್ ಬೆಸೆದು ನಿಮ್ಮ ಮೇಲೆ ಕೂರಿಸಹೊರಟ ಪ್ರತಿಯೊಬ್ಬ ಹುಡುಗನೂ ಆ ಸಂದಿನಲ್ಲಿ ಒಂದು ಸಲ ಎಡವುತ್ತಾನೆ. ಸಂಪ್ರದಾಯ ಹುಟ್ಟುವ ಬಗೆಯನ್ನು ಸಮಾಜಶಾಸ್ತ್ರದವರಿಗಿಂತ ಸ್ಪಷ್ಟವಾಗಿ ನೀವು ತೋರಿಸಿದ್ದೀರಿ. ನಮ್ಮ ಇಲಾಖೆಯ ಕೆಲವು ನಮೂನೆಗಳಲ್ಲೂ ಇಂಥ ಕಾಲಂಗಳಿವೆ.

ಇನ್ನು ಬೀರುವಿನ ಮಾತು. ನಿಮ್ಮನ್ನು ಯಾಕೆ ಅಲ್ಲಿಟ್ಟಿದ್ದೇನೆ ಎಂದು ನೀವು ಕೇಳಬಹುದು. ಬೀಗದ ಕೈ ನನ್ನ ಹತ್ತಿರವೇ ಇದೆ, ತಪ್ಪನ್ನು ಬೇರೆಯವರ ಮೇಲೆ ಹಾಕುವ ಹಾಗಿಲ್ಲ. ಒಮ್ಮೆ ಒಬ್ಬ ಹುಡುಗ ಆಟಿಕೆ ಮೋಟಾರನ್ನು ನೇರವಾಗಿ ನಿಮ್ಮ ಪಿನ್ನಿಗೆ ಸಿಕ್ಕಿಸಿದ. ನಿಮ್ಮ ಒಂದು ಪಿನ್ನು ನಿಶ್ಚಿಂತೆಯಿಂದ ಕೊಡಬಲ್ಲದ್ದು 20 ಮಿಲಿಆಂಪಿಯರ್, ಪ್ರಾಣ ಹಿಡಿದುಕೊಂಡು ತಾಳುವುದು 40. ಮೋಟಾರು ಅದರ ಎಷ್ಟೋ ಪಟ್ಟು ಎಳೆಯಿತು. ಲ್ಯಾಬಿನಲ್ಲಿ ಆ ವಾಸನೆ ಬಂತು. ಒಮ್ಮೆ ಮೂಗಿಗೆ ಬಿದ್ದರೆ ಜನ್ಮದಲ್ಲಿ ಮರೆಯದ ವಾಸನೆ. ಸುಟ್ಟದ್ದು ಚಿಪ್ ಮಾತ್ರ. ನಿಮ್ಮ ಹಳೆಯ ನಮೂನೆಯಲ್ಲಿ ಅದು ಸಾಕೆಟ್ಟಿನಲ್ಲಿ ಕೂತಿರುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದು ಹೊಸದು ಕೂರಿಸಿದರೆ ಮುಗಿಯಿತು. ಬೇರೆ ಎಷ್ಟೋ ಬೋರ್ಡುಗಳಿಗೆ ಇಲ್ಲದ ಔದಾರ್ಯ ಇದು. ಆದರೆ ಸ್ಟಾಕ್ ಬುಕ್ಕಿನಲ್ಲಿ ‘ಚಿಪ್ ಬದಲಾಯಿಸಿದೆ’ ಎಂದು ಬರೆಯುವ ಕಾಲಂ ಇಲ್ಲ. ‘ಇದೆ’ ಅಥವಾ ‘ಇಲ್ಲ’. ಆಡಿಟ್‌ನವರಿಗೆ ಉತ್ತರ ಹೇಳುವವನು ನಾನು. ಮಕ್ಕಳ ಕೈಗೆ ಸಿಗದಿದ್ದರೆ ನೀವು ನೂರು ವರ್ಷ ಬಾಳುತ್ತೀರಿ ಎಂದು ಅಂದೇ ಬೀಗ ಹಾಕಿದೆ.

ಆ ಬೀಗ ತೆರೆಸಿದ್ದು ಒಬ್ಬಳು ಹುಡುಗಿ. ಅವಳ ತಂದೆಯದು ತೆಂಗಿನಕಾಯಿ ಮಂಡಿ. ಕಾಯಿ ಉರುಳುವ ಇಳಿಜಾರಿಗೊಂದು ಐಆರ್ ಸೆನ್ಸರ್ ಇಟ್ಟು ಎಣಿಸುತ್ತೇನೆ, ಒಂದು ಬೋರ್ಡ್ ಕೊಡಿ ಸಾರ್ ಎಂದು ಬಂದಳು. ಬರೆಸಿಕೊಂಡು, ಸಹಿ ಹಾಕಿಸಿಕೊಂಡು ಕೊಟ್ಟೆ. ಕರೆಂಟು ಹೋದರೂ ಲೆಕ್ಕ ಅಳಿಯದಿರಲಿ ಎಂದು ಬ್ಯಾಟರಿಯನ್ನೂ ಜೋಡಿಸಿಕೊಂಡಳು. ಕೆಲವು ದಿನ ಚೆನ್ನಾಗಿ ಎಣಿಸಿತು. ಒಂದು ಸಂಜೆ ಫೋನು. ‘ಸಾರ್, ಕಾಯಿ ಮೈನಸ್ ಆಗ್ಬಿಟ್ಟಿವೆ. ಮೈನಸ್ ಮೂವತ್ತೆರಡು ಸಾವಿರ ತೋರಿಸ್ತಿದೆ. ನಾವೇ ಅಷ್ಟು ಕಾಯಿ ಕೊಡಬೇಕಾ ಅಂತ ಅಪ್ಪ ಕೇಳ್ತಿದ್ದಾರೆ.’

ಇಪ್ಪತ್ತಾರು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ನಾನು ಹೇಳಿದೆ: ‘ಲೂಸ್ ಕನೆಕ್ಷನ್ ಇರ್ಬೇಕಮ್ಮ.’

ಮಾರನೆಯ ದಿನ ಅವಳು ಒಂದು ಹಾಳೆ ಹಿಡಿದು ಬಂದಳು. ಅದರಲ್ಲಿ ಹದಿನಾರು ಮನೆ ಬರೆದು ಸೊನ್ನೆ, ಒಂದು ತುಂಬಿದ್ದಳು. ನಿಮ್ಮಲ್ಲಿ ‘ಇಂಟ್’ ಎಂದು ಬರೆದರೆ ಹದಿನಾರೇ ಬಿಟ್. ಮೊದಲ ಮನೆ ಪ್ಲಸ್-ಮೈನಸ್ ಗುರುತಿಗೆ ಹೋದರೆ ಹಿಡಿಯುವುದು 32,767ರವರೆಗೆ. ಅದರ ಮೇಲೆ ಒಂದು ಕಾಯಿ ಉರುಳಿದರೆ ಗುರುತಿನ ಮನೆಗೇ ಒಂದು ಬಿದ್ದು -32,768. ‘ಅನ್‌ಸೈನ್ಡ್ ಲಾಂಗ್ ಹಾಕಿದೀನಿ ಸಾರ್, ಈಗ 429 ಕೋಟಿವರೆಗೆ ಎಣಿಸುತ್ತೆ’ ಅಂದಳು. ಬಾಗಿಲ ತನಕ ಹೋದವಳು ತಿರುಗಿ, ‘ಹಾಗಾದ್ರೆ ಮಿಲಿಸೆಕೆಂಡ್ ಎಣಿಸೋ ಮಿಲಿಸ್ ಕೂಡ ಅಷ್ಟೇ ದೊಡ್ಡದಲ್ವಾ, 49 ದಿನ 17 ಗಂಟೆಗೆ ವಾಪಸ್ ಸೊನ್ನೆಗೆ ಬರುತ್ತಾ ಸಾರ್?’ ಎಂದು ಕೇಳಿದಳು. ನಾನು ಗಂಭೀರವಾಗಿ, ‘ಕರೆಕ್ಟ್’ ಅಂದೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಮಾಡಿ ನೋಡಿದೆ. ಕರೆಕ್ಟೇ.

ಎರಡು ವಾರ ಹೆಕ್ಸ್ ಒತ್ತಿಸಿದ ಯಾವ ಬ್ಯಾಚಿನಲ್ಲೂ ನನಗೆ ಇಂಥ ಪ್ರಶ್ನೆ ಬಂದಿರಲಿಲ್ಲ. ಇದು ನಿಮ್ಮ ಜಾಣತನದಿಂದ ಆದದ್ದಲ್ಲ ಎಂಬುದನ್ನೂ ದಾಖಲಿಸುತ್ತೇನೆ. ಆದದ್ದು ನಿಮ್ಮ ಬಡತನದಿಂದ. 32 ಕಿಲೋಬೈಟ್ ಜಾಗ, 2 ಕಿಲೋಬೈಟ್ ರ‍್ಯಾಮ್, ಎಂಟು ಬಿಟ್ಟಿನ ಮೆದುಳು. ನಿಮ್ಮ ಮನೆಯಲ್ಲಿ ಏನೂ ಹೆಚ್ಚುವರಿ ಇಲ್ಲ. ಆದ್ದರಿಂದ ತಪ್ಪು ಬೇಗ ಬಯಲಿಗೆ ಬೀಳುತ್ತದೆ. ಅದೇ ಸಾಲನ್ನು ಇಎಸ್‌ಪಿ32ಗೋ ನಾಲ್ಕು ಡಾಲರಿನ ರಾಸ್ಪ್‌ಬೆರಿ ಪೈ ಪಿಕೊಗೋ ಬರೆದಿದ್ದರೆ, ಅಲ್ಲಿ ‘ಇಂಟ್’ ಎಂದರೆ ಮೂವತ್ತೆರಡು ಬಿಟ್, ಆ ಮಂಡಿಯ ಕಾಯಿ ಅವಳ ಮೊಮ್ಮಕ್ಕಳ ಕಾಲದವರೆಗೂ ಪ್ಲಸ್ಸಿನಲ್ಲೇ ಇರುತ್ತಿತ್ತು. ಅವಳು ನನ್ನ ಹತ್ತಿರ ಬರುತ್ತಲೂ ಇರಲಿಲ್ಲ.

ಈಗ ನಿಮ್ಮ ಮನೆಗೂ ಸಿರಿ ಬರುತ್ತಿದೆ ಎಂದು ಕೇಳುತ್ತೇನೆ. 2023ರಲ್ಲಿ ನಿಮ್ಮ ತಮ್ಮ ಊನೊ ಆರ್4 ಬಂದ. ಅದೇ ಆಕಾರ, ಅದೇ ಏಳು-ಎಂಟರ ಸಂದು, ಆದರೆ ಒಳಗೆ ಮೂವತ್ತೆರಡು ಬಿಟ್, ರ‍್ಯಾಮ್ ನಿಮಗಿಂತ ಹದಿನಾರು ಪಟ್ಟು. 2025ರ ಅಕ್ಟೋಬರಿನಲ್ಲಿ ಕ್ವಾಲ್‌ಕಾಮ್ ಕಂಪನಿ ನಿಮ್ಮ ಮನೆತನವನ್ನೇ ಕೊಳ್ಳುವುದಾಗಿ ಪ್ರಕಟಿಸಿತು. ಜೊತೆಗೇ ಲಿನಕ್ಸ್ ಓಡಿಸುವ ಊನೊ ಕ್ಯೂ ಎಂಬ ಇನ್ನೊಬ್ಬ ತಮ್ಮನ ನಾಮಕರಣವೂ ಆಯಿತು. ಸಂತೋಷ. ಅವರು ಹೆಚ್ಚಿನ ವಿದ್ಯೆ ಕಲಿಯಲಿ, ಕ್ಯಾಮೆರಾ ನೋಡಲಿ, ಮಾತಾಡಲಿ. ನೀವು ಮಾತ್ರ ದಯಮಾಡಿ ಬಡವರಾಗಿಯೇ ಉಳಿಯಿರಿ. ಸಾಕೆಟ್ಟಿನಿಂದ ಕಿತ್ತು ತೆಗೆಯಬಲ್ಲ ಚಿಪ್ ಉಳಿಯಲಿ, ಹದಿನಾರು ಬಿಟ್ಟಿನ ‘ಇಂಟ್’ ಉಳಿಯಲಿ, 49 ದಿನಕ್ಕೊಮ್ಮೆ ಸೊನ್ನೆಗೆ ಬರುವ ಗಡಿಯಾರ ಉಳಿಯಲಿ. ಆ ಸಂದೂ ಇರಲಿ, ಹಾಳಾಗಿ ಹೋಗಲಿ.

ನನ್ನ ಕಡೆಯಿಂದ ಮಾಡಿದ್ದು ಇಷ್ಟು. ಬೀರುವಿನ ಬೀಗ ತೆಗೆದಿದ್ದೇನೆ. ಲ್ಯಾಬಿನ ಮೊದಲ ದಿನ ‘ಬ್ಲಿಂಕ್’ ಐದು ನಿಮಿಷದಲ್ಲಿ ಮುಗಿದ ಮೇಲೆ, ಡಿಲೇ ಎಂಬ ಪದ ಬಳಸದೆ ಅದನ್ನೇ ಮತ್ತೆ ಮಾಡಿ ತೋರಿಸಿ ಎನ್ನುತ್ತೇನೆ. ಉಳಿದ ಎರಡು ಗಂಟೆ ಐವತ್ತೈದು ನಿಮಿಷ ಸಾಲುತ್ತಿಲ್ಲ. ನನಗೆ ಯಾರೂ ದೋಸೆ ಕೊಡಿಸುತ್ತಿಲ್ಲ ಎಂಬುದು ಬೇರೆ ಮಾತು.

ಪತ್ರಕ್ಕೆ ಉತ್ತರ ಬರೆಯುವುದಾದರೆ ದಯವಿಟ್ಟು 9,600ರ ವೇಗದಲ್ಲೇ ಬರೆಯಿರಿ. ನಮ್ಮ ಲ್ಯಾಬಿನ ಸೀರಿಯಲ್ ಮಾನಿಟರನ್ನು ಅದಕ್ಕೇ ಹೊಂದಿಸಿಟ್ಟಿದ್ದೇನೆ. ಬೇರೆ ವೇಗದಲ್ಲಿ ಬರೆದರೆ ಇಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ, ಮತ್ತು ನಾನು ಅದನ್ನು ಲೂಸ್ ಕನೆಕ್ಷನ್ ಎಂದು ತಿಳಿಯುವ ಸಂಭವವಿದೆ.

ಇತಿ ನಿಮ್ಮ ವಿಶ್ವಾಸಿ,
ಎಲೆಕ್ಟ್ರಾನಿಕ್ಸ್ ಮೇಷ್ಟ್ರು